ಆರೂಕಾಲರ ಬಿಸಿನೀರು

ಡಿಸೆಂಬರ್ 3, ಬೆಳಗ್ಗೆ 6:40

ಇವತ್ತೂ ಅಷ್ಟೇ. ಮೊದಲ ಮಗ್ಗು ಬೆಚ್ಚಗೆ, ಎರಡನೆಯದು ಅನುಮಾನ, ಮೂರನೆಯದು ಐಸು. ಮೈತುಂಬ ಸೋಪು ಇರುವಾಗಲೇ ಸರಿಯಾಗಿ ಮೂರನೆಯದು ಬರುತ್ತದೆ. ಹಲ್ಲು ಕಟಕಟ ಎನ್ನುತ್ತಿವೆ, ಅಕ್ಷರ ನೆಟ್ಟಗೆ ಬರುತ್ತಿಲ್ಲ. ಕಿಟಕಿಯಾಚೆ ಮಂಜು, ಎದುರು ಕಟ್ಟಡವೇ ಮಾಯ. ಇಂಥ ಚಳಿಯಲ್ಲಿ ಒಬ್ಬ ಮನುಷ್ಯನಿಗೆ ಒಂದು ಬಕೆಟ್ ಬಿಸಿನೀರು ಸಿಗುವುದಿಲ್ಲ ಎಂದರೆ...

ಗೀಸರ್ ಒಂದು, ಮನೆ ಎರಡು. ಏಪ್ರಿಲ್‌ವರೆಗೆ ಮನೆಯೂ ಒಂದೇ ಇತ್ತು. ನಾನು, ಅಕ್ಕ. ಅಕ್ಕ ತೀರಿಕೊಂಡ ಮೇಲೆ ಮಾಲೀಕ ಬಂದು "ಒಬ್ಬರಿಗೆ ಇಷ್ಟು ದೊಡ್ಡ ಮನೆ ಯಾಕೆ ಸಾರ್" ಎಂದ. ಹೂಂ ಎಂದೆ. ಆಗ ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದೆ. ನಡುವೆ ಪ್ಲೈವುಡ್ ಗೋಡೆ ಎದ್ದಿತು. ಅಕ್ಕನ ಕೋಣೆ, ಅಡುಗೆಮನೆ, ಬಚ್ಚಲು ಆ ಕಡೆ ಹೋದವು. ಈ ಕಡೆಯ ಸಾಮಾನಿನ ಕೋಣೆಗೆ ಒಂದು ನಲ್ಲಿ ಸಿಕ್ಕಿಸಿ ಬಾತ್‌ರೂಮ್ ಎಂದು ಹೆಸರಿಟ್ಟ, ಪುಣ್ಯಾತ್ಮ. ಗೀಸರ್ ಆ ಕಡೆ, ಸ್ವಿಚ್ಚು ಆ ಕಡೆ, ನೀರು ಕಾದರೆ ಆರುವ ಕೆಂಪು ದೀಪವೂ ಆ ಕಡೆ. ನನಗೆ ಒಂದು ಪೈಪು.

ಆ ಕಡೆ ಈಗ ಆಯಮ್ಮ. ಬಂದು ಎರಡು ವಾರ. ಉಣ್ಣೆ ಟೋಪಿ, ಮೂಗಿನವರೆಗೆ ಮಫ್ಲರ್. ಮುಖ ನೋಡಿಲ್ಲ, ಕೆಮ್ಮು ಮಾತ್ರ ಚೆನ್ನಾಗಿ ಗೊತ್ತು. ನನಗಿಂತ ಸ್ವಲ್ಪ ಮುಂಚೆ ಸ್ನಾನ ಮಾಡಿ ಟ್ಯಾಂಕು ಬರಿದು ಮಾಡುತ್ತಾಳೆ. ಪ್ರತಿ ದಿನ. ಬೇಕೆಂದೇ ಮಾಡುತ್ತಾಳೆ ಎಂದು ನನ್ನ ಗುಮಾನಿ.

ಡಿಸೆಂಬರ್ 5, ಸಂಜೆ

ಮಾತಿಗಿಂತ ಕಾಗದ ಮೇಲು. ಹತ್ತೊಂಬತ್ತು ವರ್ಷದಿಂದ ಬಸ್ ಡಿಪೋದ ಮಹಡಿಯಲ್ಲಿ ಕೂತು ವೇಳಾಪಟ್ಟಿ ಮಾಡುತ್ತಿದ್ದೇನೆ. ಇನ್ನೂರ ಹನ್ನೆರಡು ಬಸ್ಸು ಒಂದಕ್ಕೊಂದು ತಾಗದ ಹಾಗೆ ಕುರ್ಚಿಯಿಂದ ಏಳದೆ ಓಡಿಸುತ್ತೇನೆ. ಎರಡು ಸ್ನಾನ ಓಡಿಸಲಾರೆನೆ?

ಚಾರ್ಟ್ ಸಿದ್ಧ. ಎಡಗಡೆ ಕೆಂಪು ಗೆರೆ, ಅದರೊಳಗೆ ವೇಳೆ, ಬಲಗಡೆ ಮನೆ ಸಂಖ್ಯೆ. 5:30 — ಮನೆ ಎರಡು. 6:15 — ಮನೆ ಒಂದು. ಸ್ನಾನಕ್ಕೆ ಹತ್ತು ನಿಮಿಷ, ನೀರು ಮತ್ತೆ ಕಾಯಲು ಮೂವತ್ತೈದು. ಸಣ್ಣ ಮಗುವಿಗೂ ಅರ್ಥವಾಗಬೇಕು. ಕೆಳಗೆ ಸಹಿ. ಆಕೆಯ ಬಾಗಿಲಿಗೆ ಅಂಟಿಸಿ ಬಂದೆ. ಬಹಳ ದಿನದ ಮೇಲೆ ಒಂದು ಕೆಲಸ ಮಾಡಿದ ಹಾಗಾಯಿತು.

ಡಿಸೆಂಬರ್ 6, ಬೆಳಗ್ಗೆ 6:30

ಇನ್ನೂ ತಣ್ಣಗೆ!

ಡಿಸೆಂಬರ್ 8

ಕಿವಿಗೊಟ್ಟು ಕೇಳಿದೆ. ಐದೂವರೆಗೆ ಸರಿಯಾಗಿ ಆ ಕಡೆ ದೀಪದ ಸ್ವಿಚ್ಚು ಟಕ್ ಎಂದಿತು. ಆಮೇಲೆ ನಡೆದಾಟ. ಏನೋ ತಟ್ಟುವುದು, ಏನೋ ಎಳೆಯುವುದು. ನೀರು ಬಿಟ್ಟದ್ದು ಐದೂ ಐವತ್ತಕ್ಕೆ! ಇಪ್ಪತ್ತು ನಿಮಿಷ ಬಚ್ಚಲಲ್ಲಿ ಏನು ಸಂಶೋಧನೆ ನಡೆಸುತ್ತಾಳೆ? ನನ್ನ ಚಾರ್ಟ್ ಓದಿದ್ದಾಳೆ, ಎದ್ದಿದ್ದಾಳೆ, ಆದರೂ ನನ್ನ ನೀರು ತಣ್ಣಗೆ ಮಾಡಿದ್ದಾಳೆ. ಇದು ಮರೆವಲ್ಲ, ಯುದ್ಧ.

ಡಿಸೆಂಬರ್ 9

ಮಾಲೀಕನಿಗೆ ಕಾಗದ ಹಾಕಿದೆ. ಒಂದು, ಬಿಸಿನೀರಿನ ದುರ್ಬಳಕೆ. ಎರಡು, ಕುರ್ಚಿ ಎಳೆಯುವ ಸದ್ದು. ಮೂರು, ಹೊತ್ತಲ್ಲದ ಹೊತ್ತಿನ ಓಡಾಟ. ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ. ಬರೆದು ಮುಗಿಸಿದಾಗ ಹೊಟ್ಟೆ ತಣ್ಣಗಾಯಿತು. ಏಳು ವರ್ಷದಿಂದ ಸೋರುವ ನಲ್ಲಿ ರಿಪೇರಿ ಮಾಡಿಸದ ಪ್ರಾಣಿ ಅದು. ಕಾಗದ ಓದುವುದೂ ಅನುಮಾನ. ಇರಲಿ.

ಡಿಸೆಂಬರ್ 14, ಭಾನುವಾರ

ಇನ್ನು ಸಹಿಸಲಾರೆ ಎಂದು ಹೋಗಿ ಬಾಗಿಲು ತಟ್ಟಿದೆ. ಬಾಗಿಲು ತೆರೆದಳು. ಐವತ್ತರ ಹತ್ತಿರದ ಹೆಂಗಸು, ಗಟ್ಟಿ ಮೈಕಟ್ಟು, ಟೋಪಿ ಇಲ್ಲದ ತಲೆಯಲ್ಲಿ ಅರ್ಧ ನರೆ. ಹಿಂದೆ ಹಗ್ಗದ ಮೇಲೆ ನೀಲಿ ಯೂನಿಫಾರ್ಮ್ ಅಂಗಿ ಒಣಗುತ್ತಿತ್ತು. ಅದನ್ನು ನೋಡಿಯೂ ನೋಡಲಿಲ್ಲ, ಅಷ್ಟು ಸಿಟ್ಟು.

"ಏನ್ರೀ ಇದು? ಐದೂವರೆ ಅಂತ ಅಷ್ಟು ಸ್ಪಷ್ಟವಾಗಿ ಬರೆದಿದೀನಿ. ನೀವು ನೀರು ಬಿಡೋದು ಐದೂ ಐವತ್ತಕ್ಕೆ!"

"ಹೌದಲ್ಲ. ಐದೂವರೆಗೆ ಹಾಜರಿ, ಐದೂ ಐವತ್ತಕ್ಕೆ ಹೊರಡೋದು."

"ಎಲ್ಲಿಗೆ ಹೊರಡೋದು?"

"ಸ್ನಾನಕ್ಕೆ."

ಬಾಗಿಲ ಮೇಲಿದ್ದ ನನ್ನ ಚಾರ್ಟಿನ ಮೇಲೆ ಬೆರಳಿಟ್ಟಳು.

"ನೋಡಿ, ಕೆಂಪು ಗೆರೆ ಒಳಗೆ ಟೈಮ್ ಇದ್ರೆ ಅದು ಹಾಜರಿ ಟೈಮು. ಆಮೇಲೆ ಇಪ್ಪತ್ತು ನಿಮಿಷ ಟೈರು, ಲೈಟು, ಬ್ರೇಕು ಎಲ್ಲ ನೋಡ್ಕೊಂಡು ಗಾಡಿ ತೆಗೀಬೇಕು. ಇಪ್ಪತ್ತೆರಡು ವರ್ಷದಿಂದ ನಾನು ಚಾರ್ಟ್ ಓದಿರೋದು ಹೀಗೇ."

"ಇಲ್ಲಿ ಯಾವ ಗಾಡಿ ಇದೆ ರೀ?"

"ಗಾಡಿ ಇಲ್ಲ. ಅದಕ್ಕೇ ಗೀಸರ್ ಸುತ್ತ ಒಂದ್ಸಲ ನೋಡ್ತೀನಿ, ಪೈಪು ತಟ್ತೀನಿ, ಟವಲ್ ತೆಗೆದಿಡ್ತೀನಿ. ಇಷ್ಟೆಲ್ಲ ಯಾಕೋ ಅಂತ ನಂಗೂ ಅನ್ನಿಸ್ತು. ಈ ಮನೆಯವರ ಪದ್ಧತಿ ಇರ್ಬೇಕು ಅಂದ್ಕೊಂಡೆ." ಬಗ್ಗಿ ನನ್ನ ಸಹಿ ನೋಡಿದಳು. ಸಹಿಯ ಕೆಳಗೆ ಎರಡು ಚುಕ್ಕೆ ಇಡುವುದು ನನ್ನ ಅಭ್ಯಾಸ. "ಒಂದ್ನಿಮಿಷ. ಈ ಎರಡು ಚುಕ್ಕೆ ನಾನು ದಿನಾ ನೋಡ್ತೀನಿ. ಅಯ್ಯೋ... ನೀವು ನಾಲ್ಕು ನಿಮಿಷ!"

"ಏನು?"

"ಡಿಪೋದಲ್ಲಿ ಡ್ರೈವರ್‌ಗಳೆಲ್ಲ ನಿಮ್ಮನ್ನ ಕರೆಯೋದು ಹಾಗೇ. ಕೊನೇ ಸ್ಟಾಪಲ್ಲಿ ನಾಲ್ಕೇ ನಿಮಿಷ ಕೊಡೋ ಪುಣ್ಯಾತ್ಮ."

ನನ್ನದೇ ಡಿಪೋ. ಹದಿನೇಳನೇ ರೂಟಿನ ಡ್ರೈವರ್, ನವೆಂಬರಿನಲ್ಲಿ ಬೇರೆ ಊರಿನಿಂದ ವರ್ಗವಾಗಿ ಬಂದವಳು. ನನ್ನ ಚಾರ್ಟಿನಲ್ಲಿ ಆಕೆ 2286. ನನಗೆ ಡ್ರೈವರ್‌ಗಳ ಮುಖ ಗೊತ್ತಿಲ್ಲ, ಸಂಖ್ಯೆ ಗೊತ್ತು. ಅವರು ಕೆಳಗೆ, ನಾನು ಮಹಡಿಯಲ್ಲಿ.

ಸ್ನಾನಕ್ಕೂ ಡ್ಯೂಟಿ ಚಾರ್ಟ್ ಗೀಚಿದ ಬೆಪ್ಪ ನಾನು. ಅದನ್ನು ಡ್ಯೂಟಿ ಚಾರ್ಟಿನ ಹಾಗೇ ಪಾಲಿಸಿದ ಆಕೆಯನ್ನು ಬೈಯುವುದು ಹೇಗೆ? ಬೈಯಲಾಗಲಿಲ್ಲ ಎಂಬುದೇ ಇನ್ನೊಂದು ಸಿಟ್ಟು.

ಡಿಸೆಂಬರ್ 16

ಹೊಸ ಚಾರ್ಟ್ ಹಿಡಿದು ಹೋದೆ. ಆಕೆ ಕೈಯಲ್ಲೂ ಮುಟ್ಟಲಿಲ್ಲ.

"ಚಾರ್ಟ್ ಎಲ್ಲ ಬೇಡ ಸಾರ್, ಡಿಪೋದಲ್ಲಿ ನೋಡಿ ನೋಡಿ ಸಾಕಾಗಿದೆ. ಐದೂವರೆಗೇ ನೀರು ಬಿಟ್ಟು ನನ್ನ ಸ್ನಾನ ಮುಗಿಸ್ತೀನಿ. ನೀರು ಕಾದು ಕೆಂಪು ದೀಪ ಆರಿದ ತಕ್ಷಣ ಗೋಡೆ ಬಡಿತೀನಿ. ಎರಡು ಸಲ. ಆಯ್ತಾ?"

ಎರಡು ಸಲ. ಆಯಿತು ಎಂದೆ.

ಡಿಸೆಂಬರ್ 17, ಬೆಳಗ್ಗೆ 6:50

ಟಕ್, ಟಕ್.

ಅಕ್ಕ ಹೀಗೇ ಬಡಿಯುತ್ತಿದ್ದಳು. ಮೂವತ್ತು ವರ್ಷ, ಪ್ರತಿ ಬೆಳಗ್ಗೆ, ನನ್ನ ಕೋಣೆಯ ಬಾಗಿಲಿಗೆ ಬೆರಳ ಗೆಣ್ಣಿನಿಂದ ಎರಡು ಸಲ. "ನೀರು ಕಾದಿದೆ, ಏಳೋ" ಎನ್ನುವಷ್ಟೂ ವ್ಯವಧಾನವಿಲ್ಲ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಅದಕ್ಕಾಗಿ ತನ್ನ ಮದುವೆ ಮುಂದೆ ಹಾಕಿದವಳು. ಹಾಕಿದ್ದು ಹಾಗೇ ಉಳಿಯಿತು. ಎಂಟು ತಿಂಗಳಿಂದ ಆ ಸದ್ದು ಕೇಳಿರಲಿಲ್ಲ. ಈ ಹೆಂಗಸಿಗೆ ಇದು ಗೊತ್ತಿರಲು ಸಾಧ್ಯವೇ ಇಲ್ಲ.

ಟವಲ್ ಹಿಡಿದು ಮಂಚದ ಮೇಲೆ ಕೂತುಬಿಟ್ಟೆ. ಅತ್ತುಬಿಟ್ಟೆ ಎಂದೇ ಬರೆಯುತ್ತೇನೆ, ಯಾರು ಓದುತ್ತಾರೆ.

ಗೋಡೆಯಾಚೆಯಿಂದ ಕೂಗು: "ಸಾರ್! ಬದುಕಿದೀರಾ? ನೀರು ಆರ್ತಾ ಇದೆ!"

ತಣ್ಣೀರಿನಲ್ಲೇ ಸ್ನಾನ. ಈ ಸಲ ತಪ್ಪು ನನ್ನದೇ.

ಡಿಸೆಂಬರ್ 21, ಭಾನುವಾರ

ಗೀಸರಿನ ಪೈಪು ಸೋರುತ್ತಿದೆ ಎಂದು ಕರೆದಳು. ಸ್ಪ್ಯಾನರ್ ಹಿಡಿದು ಹೋದೆ. ನವೆಂಬರ್‌ವರೆಗೆ ಬೀಗದ ಕೈ ನನ್ನ ಹತ್ತಿರವಿತ್ತು, ಬಂದು ಸ್ವಿಚ್ಚು ಹಾಕಿ ತಲೆ ಎತ್ತದೆ ಹೋಗುತ್ತಿದ್ದೆ. ಇವತ್ತು ನೋಡಿದೆ. ಒಲೆಯ ಪಕ್ಕದ ಹಲಗೆಯ ಮೇಲೆ ಅಕ್ಕ ಇಸ್ತ್ರಿ ಪೆಟ್ಟಿಗೆ ಮರೆತು ಸುಟ್ಟ ಗುರುತು ಹಾಗೇ ಇದೆ. ಕಿಟಕಿಯ ಬಳಿ ಅಕ್ಕನ ಮಂಚವಿದ್ದಲ್ಲಿ ಒಂದು ಹಳೆಯ ಬೆತ್ತದ ಕುರ್ಚಿ. ನಾನು ಅದರಲ್ಲಿ ಕೂರಲು ಹೋದೆ.

"ಅದು ಬೇಡ, ಇದ್ರಲ್ಲಿ ಕೂತ್ಕೊಳ್ಳಿ. ಅದು ನಮ್ಮತ್ತೆ ಕುರ್ಚಿ."

"ಬರ್ತಾರಾ ಅವರು?"

"ಎಲ್ಲಿಂದ ಬರ್ತಾರೆ. ಜೂನಲ್ಲಿ ಹೋದ್ರು." ಟೀ ಲೋಟ ನನ್ನ ಮುಂದೆ ಕುಕ್ಕಿದಳು. "ಗಂಡ ಅನ್ನಿಸಿಕೊಂಡೋನು ಹನ್ನೊಂದು ವರ್ಷದ ಹಿಂದೇನೇ ಬೇರೆ ಮನೆ ಮಾಡ್ಕೊಂಡ. ನಾನೂ ಅತ್ತೇನೂ ಇದ್ವಿ. ಬೆಳಗಾದ್ರೆ ಜಗಳ, ಸಂಜೆ ಆದ್ರೆ ಜಗಳ. ಅವರು ಹೋದ್ಮೇಲೆ ಆ ಪುಣ್ಯಾತ್ಮ ಬಂದು ಮನೆ ಮಾರಿದ. ನಾನು ವರ್ಗ ಕೇಳ್ಕೊಂಡೆ. ಕುರ್ಚಿ ಮಾತ್ರ ತಂದೆ. ಸಂಜೆ ಬಂದ್ರೆ ಬೈಯೋರೇ ಇಲ್ಲ ಸಾರ್. ಅದೊಂದು ಅಭ್ಯಾಸ ಆಗ್ತಾ ಇಲ್ಲ."

ನನಗೂ ಆಗುತ್ತಿಲ್ಲ ಎನ್ನಬೇಕಿತ್ತು. ವಾಷರ್ ಸವೆದಿದೆ, ಬದಲಾಯಿಸಬೇಕು ಎಂದೆ.

ಕುರ್ಚಿ ಎಳೆಯುವ ಸದ್ದು ಎಂದು ಮಾಲೀಕನಿಗೆ ಬರೆದಿದ್ದೆನಲ್ಲ. ಬೆಳಗಿನ ಬಿಸಿಲು ಬೀಳುವ ಕಡೆಗೆ ಆಕೆ ಎಳೆದಿಡುವುದು ಆ ಕುರ್ಚಿಯನ್ನೇ. ಖಾಲಿ ಕುರ್ಚಿಯನ್ನು.

ಡಿಸೆಂಬರ್ 24, ಸಂಜೆ

ಅರ್ಧ ದಿನ ರಜೆ ಹಾಕಿ ಹದಿನೇಳು ಹತ್ತಿದೆ. ಯಾಕೆ ಎಂದರೆ ಆಕೆ ನಿನ್ನೆ ಮೆಟ್ಟಿಲ ಮೇಲೆ ಸಿಕ್ಕಿ "ನಿಮ್ಮ ನಾಲ್ಕು ನಿಮಿಷ ಹೇಗಿರುತ್ತೆ ಅಂತ ಒಂದಿನ ಬಂದು ನೋಡಿ" ಎಂದಿದ್ದಳು. ನೋಡೋಣ, ಏನು ಮಹಾ ಎಂದುಕೊಂಡೆ.

ಕೊನೆಯ ಸ್ಟಾಪ್ ಎಂದರೆ ಒಂದು ಬಯಲು, ಒಂದು ಕಂಬ. ನೆರಳಿಗೆ ಒಂದು ತಗಡೂ ಇಲ್ಲ. ಗಾಳಿ ಕಿವಿ ಕೊಯ್ಯುವ ಹಾಗೆ. ಹತ್ತೊಂಬತ್ತು ವರ್ಷದ ಹಿಂದೆ ನಕ್ಷೆ ನೋಡಿದ್ದೆ. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಕಡೆ ಬಸ್ಸು ನಿಂತು ಏನು ಮಾಡಬೇಕು ಎಂದು ನಾಲ್ಕು ಹಾಕಿದ್ದೆ.

ಆಕೆ ಇಂಜಿನ್ ಆರಿಸಿದಳು, ಇಳಿದಳು, ಟೈರು ಒದ್ದು ನೋಡಿದಳು, ಗಾಜಿನ ಮೇಲಿನ ಮಂಜು ಒರೆಸಿದಳು, ಹಾಳೆಯಲ್ಲಿ ವೇಳೆ ಬರೆದಳು, ದಾರಿ ಕೇಳಿದ ಮುದುಕರೊಬ್ಬರಿಗೆ ಮೂರು ಸಲ ಉತ್ತರ ಹೇಳಿದಳು. ಮುಗಿಯಿತು ನಾಲ್ಕು ನಿಮಿಷ.

"ಇಲ್ಲಿ ಟಾಯ್ಲೆಟ್ ಎಲ್ಲಿದೆ?" ಎಂದೆ.

ರಸ್ತೆಯಾಚೆಗಿನ ಪೆಟ್ರೋಲ್ ಬಂಕ್ ತೋರಿಸಿದಳು. ನಾನು ಗಡಿಯಾರ ನೋಡಿಕೊಂಡು ನಡೆದೆ. ಹೋಗಿ ಬರಲು ಆರು ನಿಮಿಷ ನಲವತ್ತು ಸೆಕೆಂಡು, ಅದೂ ಓಡುನಡಿಗೆಯಲ್ಲಿ. ನನಗಾಗಿ ಬಸ್ಸು ತಡವಾಯಿತು. ಪ್ರಯಾಣಿಕರು ನನ್ನನ್ನು ತಿನ್ನುವ ಹಾಗೆ ನೋಡಿದರು.

"ಮತ್ತೆ ನೀವೆಲ್ಲ ಹೇಗೆ..."

"ನೀರೇ ಕುಡಿಯಲ್ಲ ಸಾರ್. ಎದ್ದಾಗ ಒಂದು ಲೋಟ, ಆಮೇಲೆ ಮಧ್ಯಾಹ್ನ ಎರಡಕ್ಕೆ ಡಿಪೋದಲ್ಲಿ. ಹೆಂಗಸರು ಎಲ್ರೂ ಹಾಗೇ. ನಾಲ್ಕು ನಿಮಿಷಕ್ಕೆ ರೆಕ್ಕೆ ಕಟ್ಕೊಂಡು ಹಾರ್ಬೇಕಾ?"

ಆ ಒಣ ಕೆಮ್ಮು ಅದಕ್ಕೇ ಇರಬೇಕು. ಬರುವ ದಾರಿಯಲ್ಲಿ ನಾಚಿಕೆಯಿಂದ ಕಿಟಕಿ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಬಿಸಿನೀರು ಬಿಸಿನೀರು ಎಂದು ಒಂದು ತಿಂಗಳು ಬಡಿದುಕೊಂಡೆ. ಕುಡಿಯುವ ನೀರಿಗೇ ಕಲ್ಲು ಹಾಕಿ ಕೂತವನು ನಾನು.

ಡಿಸೆಂಬರ್ 27

ಮ್ಯಾನೇಜರ್ ಜೊತೆ ಎರಡು ದಿನ ಹಣಾಹಣಿ. "ಹತ್ತೊಂಬತ್ತು ವರ್ಷ ಇಲ್ಲದ್ದು ಈಗೇನ್ರೀ ಬಂತು?" ಎನ್ನುತ್ತಾರೆ. ಈಗ ಬಂತು, ಅಷ್ಟೇ. ಒಂಬತ್ತು ನಿಮಿಷ ಬೇಕು ಎಂದೆ. ಬಸ್ಸು ಸಾಲದು ಎಂದರು. ರಬ್ಬರು ಸವೆಯುವ ತನಕ ಅಳಿಸಿ ಬರೆದೆ. ಪ್ರತಿ ರೂಟಿನಲ್ಲೂ ಮಧ್ಯಾಹ್ನ ಖಾಲಿ ಓಡುವ ಎರಡು ಟ್ರಿಪ್ ಕಿತ್ತು ಜೋಡಿಸಿದೆ, ಸರಿಹೋಯಿತು. ಮ್ಯಾನೇಜರ್ ಮುಖ ಸಿಂಡರಿಸಿಕೊಂಡು ಸಹಿ ಹಾಕಿದರು. ಜನವರಿ ಹದಿನೈದರಿಂದ ಜಾರಿ. ಎಲ್ಲ ರೂಟುಗಳಿಗೂ.

ಆಕೆಗೆ ಹೇಳಿಲ್ಲ. ಬೋರ್ಡಿನಲ್ಲಿ ನೋಡಲಿ.

ಜನವರಿ 1

ವಿಶೇಷವೇನಿಲ್ಲ. ನೀರು ಬಿಸಿ.

ಜನವರಿ 4, ಭಾನುವಾರ

ಮಾಲೀಕ ಬಂದಿದ್ದ. ನಲ್ಲಿ ರಿಪೇರಿಗೆ ಏಳು ವರ್ಷ ಕರೆದರೂ ಬಾರದವನು ಇವತ್ತೇ ಬರಬೇಕೆ! ನನ್ನ ಬೆನ್ನು ತಟ್ಟಿದ.

"ನಿಮ್ಮ ಕಾಗದ ಬಂತು ಸಾರ್. ಕ್ರಮ ತಗೊಂಡಾಯ್ತು. ತಿಂಗಳ ಕೊನೆಗೆ ಖಾಲಿ ಮಾಡಿ ಅಂತ ಆಯಮ್ಮನಿಗೆ ಹೇಳಿ ಬಂದೆ."

ಅದು ಹಳೇ ಮಾತು, ಈಗ ಸರಿಹೋಗಿದೆ, ಬಿಟ್ಟುಬಿಡಿ ಎಂದೆ.

"ಅದು ಹೇಗೆ ಬಿಡೋದು? ಹೊತ್ತಲ್ಲದ ಹೊತ್ತಲ್ಲಿ ಓಡಾಟ ಅಂತ ನೀವೇ ಬರೆದಿದೀರಿ. ಒಂಟಿ ಹೆಂಗಸು, ನಾಳೆ ನಂಗ್ಯಾಕೆ ಕೆಟ್ಟ ಹೆಸರು? ನನ್ನ ಅಳಿಯನಿಗೂ ಸಾಮಾನು ಇಡೋಕೆ ಒಂದು ಜಾಗ ಬೇಕಾಗಿತ್ತು."

ಬೆಳಗ್ಗೆ ಬಸ್ಸು ತೆಗೆಯಲು ಹೋಗುವ ಹೆಂಗಸಿನ ಹೆಜ್ಜೆ ಸದ್ದಿಗೆ ನಾನು ಇಟ್ಟ ಹೆಸರು ಅದು. ಎಲ್ಲಿಂದ ಎಲ್ಲಿಗೆ ಹೋಯಿತು ನೋಡು. ಅಳಿಯನ ಸಾಮಾನಿಗೆ ಒಂದು ನೆಪ ಬೇಕಿತ್ತು ಅವನಿಗೆ. ನೆಪವನ್ನು ನಾನೇ ಟಪಾಲಿನಲ್ಲಿ ಕಳಿಸಿದ್ದೆ.

ಜನವರಿ 5

ಯಾರು ದೂರು ಕೊಟ್ಟರೆಂದು ಮಾಲೀಕ ಆಕೆಗೆ ಹೇಳಿಲ್ಲ. ಕೆಳಮನೆಯ ದರ್ಜಿಯೇ ಎಂದು ಆಕೆಯ ತೀರ್ಮಾನ. ಸಂಜೆ ಇಳಿದು ಹೋಗಿ ಅವರ ಅಂಗಡಿ ಬಾಗಿಲಲ್ಲೇ ದಬಾಯಿಸಿದಳು. "ನಿಮ್ಮ ಮಿಷಿನ್ ದಿನಾ ಕಟಕಟ ಅನ್ನುತ್ತೆ, ನಾನು ಯಾರಿಗಾದ್ರೂ ಬರೆದ್ನಾ?" ಆ ಮನುಷ್ಯ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕಣ್ಣು ಕಣ್ಣು ಬಿಟ್ಟ. ಮೆಟ್ಟಿಲ ಮೇಲೆ ನಿಂತು ನೋಡಿದೆ. ನನ್ನ ಬಾಯಿಗೂ ಏನೋ ಸಿಕ್ಕಿಕೊಂಡ ಹಾಗಿತ್ತು.

ಹೇಳಲಿಲ್ಲ.

ಜನವರಿ 8

ಇವತ್ತೂ ಹೇಳಲಿಲ್ಲ. ಬೆಳಗ್ಗೆ ಆಕೆಗೆ ಅವಸರ, ಸಂಜೆ ಆಕೆಗೆ ಸುಸ್ತು. ನೆಪಗಳಿಗೇನು ಬರ. ರಟ್ಟಿನ ಡಬ್ಬ ಸಿಕ್ಕರೆ ಕೊಡಿ ಸಾರ್ ಎಂದು ಕೇಳಿದಳು, ಪಾತ್ರೆ ಕಟ್ಟಲು. ಡಿಪೋದಿಂದ ಎರಡು ತಂದುಕೊಟ್ಟೆ. ಥೂ, ನನ್ನ ಜನ್ಮಕ್ಕೆ.

ಬೆಳಗಿನ ಎರಡು ಬಡಿತ ನಿಂತಿಲ್ಲ. ಅದೇ ಚುಚ್ಚುತ್ತದೆ.

ಜನವರಿ 10, ಸಂಜೆ 7

ಹೇಳಿದೆ. ಬಾಗಿಲಲ್ಲೇ ನಿಂತು, ಒಂದೇ ಉಸಿರಿನಲ್ಲಿ. ಆ ಕಾಗದ ಬರೆದದ್ದು ನಾನು. ಡಿಸೆಂಬರ್ ಒಂಬತ್ತಕ್ಕೆ. ನೀರು ತಣ್ಣಗಿತ್ತು ಅಂತ.

ಆಕೆ ಕೈಯಲ್ಲಿದ್ದ ರಟ್ಟಿನ ಡಬ್ಬ ಕೆಳಗಿಟ್ಟಳು. ಆಮೇಲೆ, "ಪಾಪ, ಆ ದರ್ಜಿಗೆ ಏನೇನೆಲ್ಲ ಅಂದ್ಬಿಟ್ಟೆ ನಾನು."

"ತಪ್ಪಾಯ್ತು."

"ಬರೆದಿದ್ದು ಬಿಡಿ. ಆಗ ನೀವು ಯಾರೋ, ನಾನು ಯಾರೋ. ಸಿಟ್ಟು ಬಂದಿತ್ತು, ಬರೆದ್ರಿ. ಆದ್ರೆ ಐದು ದಿನ ಸುಮ್ಮನಿದ್ರಲ್ಲ. ಡಬ್ಬ ಬೇರೆ ತಂದ್ಕೊಟ್ರಿ."

ಬಾಗಿಲು ಮೆತ್ತಗೆ ಹಾಕಿಕೊಂಡರು. ಧಡ್ ಎಂದು ಹಾಕಿದ್ದರೆ ಚೆನ್ನಾಗಿತ್ತು.

ಸ್ವಲ್ಪ ಹೊತ್ತಿಗೆ ಅವರು ದರ್ಜಿಯ ಮನೆಗೆ ಇಳಿದು ಹೋದದ್ದು ಕೇಳಿಸಿತು. ಅವರು ಮೇಲೆ ಬಂದ ಮೇಲೆ ನಾನೂ ಹೋದೆ. ದರ್ಜಿ, "ಒಂದೇ ಸಂಜೆ ಇಬ್ಬಿಬ್ರು ಬಂದು ಕ್ಷಮೆ ಕೇಳ್ತೀರಲ್ಲ, ನಿಮ್ಮ ಮಹಡೀಲಿ ಏನ್ರೀ ನಡೀತಿದೆ?" ಎಂದ.

ಜನವರಿ 11, ಭಾನುವಾರ, ಬೆಳಗ್ಗೆ

6:15. ಬಡಿತವಿಲ್ಲ. ನಲ್ಲಿ ತಿರುಗಿಸಿದೆ. ನೀರು ಸುಡುಸುಡು ಬಿಸಿ, ಸರಿಯಾದ ವೇಳೆಗೆ. ಸದ್ದು ಮಾತ್ರ ಇಲ್ಲ.

ಜನವರಿ 13

ಬಿಸಿ. ಬಡಿತವಿಲ್ಲ. ಬೈಯಬಾರದೆ ಈ ಹೆಂಗಸು! ಅಕ್ಕನಾಗಿದ್ದರೆ ಬೆಳಗಿನಿಂದ ಸಂಜೆಯವರೆಗೆ ನನ್ನ ಗ್ರಹಚಾರ ಬಿಡಿಸಿ ಸಂಜೆಗೆ ಮರೆತುಬಿಡುತ್ತಿದ್ದಳು. ಇವರದು ಹೊಸ ರೀತಿ. ನೀರು ಮಾತ್ರ ಕೊಡುತ್ತಾರೆ.

ಜನವರಿ 15

ಒಂಬತ್ತು ನಿಮಿಷ ಜಾರಿಗೆ ಬಂತು. ಮೊದಲ ಸಲ ಮಹಡಿಯಿಂದ ಇಳಿದು ಹೋಗಿ ನಾನೇ ಬೋರ್ಡಿಗೆ ಅಂಟಿಸಿದೆ. ಡ್ರೈವರ್‌ಗಳು ಗುಂಪು ಕಟ್ಟಿಕೊಂಡು ಓದಿದರು. ನಂಬದೆ ಕೆಳಗಿನ ಎರಡು ಚುಕ್ಕೆ ಮುಟ್ಟಿ ನೋಡಿದವರೂ ಉಂಟು. ಗೋಡೆಯಾಚೆಯವರೂ ಗುಂಪಿನ ಹಿಂದೆ ನಿಂತು ಓದಿದರು. ಸೊಂಟದ ಚೀಲದಿಂದ ನೀರಿನ ಬಾಟಲಿ ತೆಗೆದು ಎರಡು ಗುಟುಕು ಕುಡಿದು ಗಾಡಿ ಹತ್ತಿದರು. ನನ್ನ ಕಡೆ ನೋಡಲಿಲ್ಲ.

ಮನೆ ಹುಡುಕುತ್ತಿದ್ದಾರಂತೆ. ಸಿಕ್ಕಿದ್ದು ಒಂದೇ, ಊರಾಚೆ, ಬೆಳಗಿನ ಡ್ಯೂಟಿಗೆ ಬರಲು ಅಲ್ಲಿಂದ ಬಸ್ಸೇ ಇಲ್ಲ. ದರ್ಜಿ ಹೇಳಿದ. ಈಗ ನನಗೆ ಸುದ್ದಿ ದರ್ಜಿಯ ಮೂಲಕ.

ಜನವರಿ 18, ಭಾನುವಾರ

ಅಕ್ಕನ ಟ್ರಂಕು ತೆಗೆದೆ. ಏಪ್ರಿಲ್‌ನಿಂದ ಮಂಚದ ಕೆಳಗೆ ಇತ್ತು. ಗುಡಿಸುವಾಗಲೂ ಅದರ ಸುತ್ತಲೇ ಗುಡಿಸುತ್ತಿದ್ದೆ. ಆದರೆ ಮನೆಯ ಕರಾರು ಪತ್ರ ಅದರಲ್ಲೇ ಇರಬೇಕು, ಕಾಗದಪತ್ರವೆಲ್ಲ ಅವಳ ಉಸ್ತುವಾರಿ. ಬೇರೆ ದಾರಿ ಇರಲಿಲ್ಲ.

ಮೇಲೆ ಅವಳ ಶಾಲು. ಅದನ್ನು ಮಡಿಲಲ್ಲಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದೆ. ಬರೆಯಲಾರೆ.

ಕರಾರು ಸಿಕ್ಕಿತು. ಇಡೀ ಮನೆಗೆ, ಅಕ್ಕನ ಮತ್ತು ನನ್ನ ಹೆಸರಿನಲ್ಲಿ, ಮುಂದಿನ ವರ್ಷ ನವೆಂಬರ್‌ವರೆಗೆ. ಪ್ಲೈವುಡ್ ಎದ್ದದ್ದು ನನ್ನ ಬಾಯಿಮಾತಿನ ಒಂದು ಹೂಂ ಮೇಲೆ. ಆಕೆಗಂತೂ ಅವನು ಏನನ್ನೂ ಬರೆದುಕೊಟ್ಟಿಲ್ಲ. ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, ಮಾಲೀಕ ಸೇರಿಸಿಕೊಟ್ಟ ಒಂದು ಸಾಲು: "ಇವರ ಜೊತೆ ಇನ್ನೊಬ್ಬರು ವಾಸವಿರಲು ಮಾಲೀಕರ ಅಭ್ಯಂತರವಿಲ್ಲ."

ನೆನಪಾಯಿತು. ಆ ಸಾಲಿಗಾಗಿ ಅಕ್ಕ ಪಟ್ಟು ಹಿಡಿದು ಕೂತಿದ್ದಳು. "ನಾಳೆ ನನ್ನ ತಮ್ಮ ಮದುವೆ ಆದ್ರೆ ಅವಳನ್ನ ಎಲ್ಲಿ ಇಡೋದು ಸ್ವಾಮಿ, ಅಟ್ಟದ ಮೇಲಾ?" ಎಂದು ಮಾಲೀಕನನ್ನು ಕೇಳಿದ್ದಳು. ನನಗೆ ಆಗಲೇ ನಲವತ್ತೈದು. ನಾಚಿಕೆಯಿಂದ ಹೊರಗೆ ಹೋಗಿ ನಿಂತಿದ್ದೆ.

ಬಂದದ್ದು ಅವಳು ಎಣಿಸಿದವಳಲ್ಲ, ಅವಳು ಎಣಿಸಿದ ಕಾರಣಕ್ಕೂ ಅಲ್ಲ. ಆದರೂ ಜಾಗ ಕಾದಿರಿಸಿದ್ದಳಲ್ಲ, ಅಕ್ಕ.

ಜನವರಿ 19

ಮಾಲೀಕನ ಮನೆಗೆ ಹೋದೆ. ಕಾಗದ ಮುಂದಿಟ್ಟೆ. ಕನ್ನಡಕ ಹಾಕಿ ಓದಿದ, ತೆಗೆದು ಓದಿದ.

"ಇದನ್ನ ಇನ್ನೂ ಇಟ್ಕೊಂಡಿದೀರಾ?"

"ನಾನಲ್ಲ. ಅಕ್ಕ."

ನಿಮ್ಮ ದೂರು ಎಂದ. ವಾಪಸ್ ತಗೊಂಡೆ ಎಂದೆ. ಅಳಿಯನ ಸಾಮಾನು ಎಂದ. ನಿಮ್ಮ ಮನೆ ವರಾಂಡ ಖಾಲಿ ಇದೆಯಲ್ಲ ಎಂದೆ. ಆ ಹೆಂಗಸು ನಿಮಗೇನಾಗಬೇಕು ಎಂದ. ಈ ಪ್ರಶ್ನೆಗೆ ತಯಾರಿ ಮಾಡಿಕೊಂಡು ಹೋಗಿರಲಿಲ್ಲ. "ಪಕ್ಕದ ಮನೆಯವರು" ಎಂದೆ, ದನಿ ಸ್ವಲ್ಪ ಜೋರಾಯಿತು. ಅವನ ಹೆಂಡತಿ ಒಳಗಿಂದ ಇಣುಕಿದರು. "ನಲ್ಲಿ ಗಿಲ್ಲಿ ಕೆಟ್ಟರೆ ನನ್ನನ್ನ ಕೇಳಬೇಡಿ ಮತ್ತೆ" ಎಂದು ಎದ್ದುಹೋದ. ಏಳು ವರ್ಷದಿಂದ ಕೇಳಿ ಏನಾಗಿತ್ತು?

ಅವನ ಕಡೆಯಿಂದ ಮುಗಿಯಿತು. ಆದರೆ ಅವರಿಗೆ ಇರಲು ಮನಸ್ಸಿದೆಯೇ? ಅದು ಯಾವ ಕರಾರಿನಲ್ಲೂ ಇಲ್ಲ.

ಜನವರಿ 20, ಸಂಜೆ 6

ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ. ಮತ್ತೆ ಕಾಗದವೇ ಗತಿ. ಕರಾರಿನ ಪ್ರತಿ, ಜೊತೆಗೆ ಒಂದು ಚಾರ್ಟ್. ಫೆಬ್ರವರಿ ಒಂದರಿಂದ. ಕೆಂಪು ಗೆರೆ ಎಳೆಯಲಿಲ್ಲ. ಎರಡು ಸಾಲು, ಎರಡೂ ಖಾಲಿ. ಕೆಳಗೆ ಬರೆದೆ: "ವೇಳೆ ನೀವೇ ತುಂಬಿ. ತುಂಬದಿದ್ದರೂ ಸರಿ. ಮನೆ ಇದೆ. ಪ್ಲೈವುಡ್ ಇರಬೇಕೋ ಬೇಡವೋ ಅದನ್ನೂ ನೀವೇ ಹೇಳಿ. ಬೆಳಗ್ಗೆ ಬಡಿಯುವುದನ್ನು ನಿಲ್ಲಿಸಬೇಡಿ ಎಂದು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ." ಓದಿ ಮೈ ಬೆವರಿತು, ಈ ಚಳಿಯಲ್ಲಿ. ಕೊನೆಯ ಸಾಲು ಹೊಡೆದುಹಾಕಿದೆ. ಹೊಡೆದುಹಾಕಿದ್ದರೂ ಓದಬಹುದು. ಬೇರೆ ಹಾಳೆ ಇರಲಿಲ್ಲ.

ಬಾಗಿಲಡಿ ತಳ್ಳಿ ಬಂದೆ.

7:10. ಕಾಗದ ಎತ್ತಿಕೊಂಡ ಸದ್ದು.

7:40. ಕುರ್ಚಿ ಎಳೆದ ಸದ್ದು. ಅಷ್ಟೇ.

ಜನವರಿ 21, ಬೆಳಗ್ಗೆ 5:58

ಕಾಗದ ವಾಪಸ್ ಬಂದಿಲ್ಲ. ಬಾಗಿಲಡಿ ಮೂರು ಸಲ ನೋಡಿದೆ. ಕಿಟಕಿಯಾಚೆ ಅದೇ ಮಂಜು. ಐದೂವರೆಗೆ ಅವರು ನೀರು ಬಿಟ್ಟದ್ದು ಕೇಳಿತು, ಹಾಜರಿ ಗೀಜರಿ ಇಲ್ಲದೆ, ಸರಿಯಾಗಿ ಐದೂವರೆಗೆ. ಅದರಿಂದ ಏನೂ ಗೊತ್ತಾಗುವುದಿಲ್ಲ.

6:09. ಟವಲ್ ಹೆಗಲ ಮೇಲೆ. ಐವತ್ತೆರಡು ವರ್ಷದ ಗಂಡಸು ಪ್ಲೈವುಡ್ ನೋಡುತ್ತಾ ಕೂತಿದ್ದೇನೆ. ಯಾರಾದರೂ ನೋಡಿದರೆ...

6:14. ಇಷ್ಟು ಹೊತ್ತಿಗೆ ದೀಪ ಆರಿರಬೇಕು.

6:16. ಇಲ್ಲ. ಇರಲಿ. ಬಿಸಿನೀರು ಇದೆಯಲ್ಲ, ಅಷ್ಟು ಸಾಕು ಎಂದುಕೊಳ್ಳ

ಟಕ್.

ಒಂದೇ. ಕೈ ತಾಗಿದ್ದೋ ಏನೋ. ಪಾತ್ರೆ ಬಿದ್ದದ್ದೂ ಇರಬಹು

ಟಕ್!

"ಸಾರ್! ನೀರು ಕಾದಿದೆ, ಬನ್ನಿ! ಇವತ್ತಿಂದ ನಿಮಗೆ ನಾಲ್ಕೇ ನಿಮಿಷ, ಆಮೇಲೆ ಸ್ವಿಚ್ಚು ಆರಿಸ್ಬಿಡ್ತೀನಿ!"

ನಾಲ್ಕು ನಿಮಿಷವಂತೆ! ನಾಲ್ಕು ನಿಮಿಷದಲ್ಲಿ ಯಾವ ಮನುಷ್ಯ ತಾನೇ ಸ್ನಾ